ಕೊನೆಗೆ ಇಟ್ಟ ದಾಳ

"ಮೆಲ್ಲಗೆ! ಬಣ್ಣ ಕಿತ್ತುಹೋಗುತ್ತೆ!"

ಬಾಯಿ ಜಾರಿಯೇಬಿಟ್ಟಿತು. ಅವನ ಕೈಯಲ್ಲಿದ್ದ ಹೆಬ್ಬೆರಳುದ್ದದ ಆಟಗಾರ ಗೊಂಬೆಗೆ ಬಣ್ಣ ಹಚ್ಚಿದವಳು ಅವಳೇ. ಮಾತು ಬಿಟ್ಟ ಮೇಲೆ ಇಬ್ಬರೂ ಎದುರುಬದುರಾಗಿದ್ದು ಇವತ್ತೇ, ದಾಳ ಎಸೆದು ಗೊಂಬೆ ನಡೆಸುವ ಮೇಜಿನ ಫುಟ್‌ಬಾಲ್ ಫೈನಲ್‌ನಲ್ಲಿ!

ಅವನ ಕಾಲ ಬಳಿ ಪ್ರಯಾಣದ ಚೀಲ. ಪಂದ್ಯ ಮುಗಿದೊಡನೆ ರೈಲು, ದೂರದೂರಿನ ಹೊಸ ಕೆಲಸ.

'ಹೋಗಲಿ... ಸೋತು ಹೋಗಲಿ!' ಎಂದುಕೊಂಡಳು. ಕಣ್ಣು ಮಾತ್ರ ಆ ಚೀಲದ ಮೇಲೇ ಇತ್ತು.

ಮಾತು ಬಿಟ್ಟ ಆ ದಿನ ಬಣ್ಣದ ಬ್ರಷ್ ತೊಳೆಯುತ್ತಾ ಕೇಳಿದ್ದಳು, "ನಂಗೆ ಹೇಳೋದೇನೂ ಇಲ್ವಾ?"

"ನಿನ್ನ ವಿಷಯ ಕೊನೆಗೆ ಇಟ್ಕೊಂಡಿದ್ದೀನಿ ಕಣೇ," ಅಂದಿದ್ದ.

ಕೊನೆಗೆ! ಎಲ್ಲರ ಊಟವಾದ ಮೇಲೆ ಉಳಿಯುವ ತಳದ ಸೀಕಲಿನ ಹಾಗೆ! ಆ ಒಂದು ಪದದ ಉರಿಯಲ್ಲೇ ಅವಳು ಆಟ ಕಲಿತು, ತನ್ನದೇ ಗೊಂಬೆ ತಂಡ ಆಡಿಸುವ ಕೋಚ್ ಆಗಿದ್ದಳು.

ಈಗ ತನ್ನ ಸರದಿ ಬಂದದ್ದೇ ತಡ, ಚೆಂಡಿದ್ದ ಗೊಂಬೆಯನ್ನು ಎದುರಾಳಿಗಳ ನಡುವೆ ನುಗ್ಗಿಸಿ ದಾಳ ಎಸೆದಳು. ಒಂದು! ಒಂದು ಬಿದ್ದರೆ ಸರದಿಯೇ ಮುಗಿದಂತೆ. ಉಳಿದ ಗೊಂಬೆಗಳು ಕದಲುವಂತಿಲ್ಲ.

"ಅಯ್ಯೋ ದುಡುಕಿ!" ಆಟದ ಕ್ಲಬ್ಬು ನಡೆಸುವ ಅವಳ ಚಿಕ್ಕಪ್ಪ ತಲೆ ಚಚ್ಚಿಕೊಂಡರು. "ಎಷ್ಟು ಸಲ ಬಡ್ಕೊಳ್ಳಲಿ? ದಾಳ ಬೇಡದ ನಡೆ ಮೊದಲು ಮುಗಿಸು. ಯಾವುದು ತಪ್ಪಿದ್ರೆ ಎಲ್ಲಾ ಹೋಗುತ್ತೋ ಅದನ್ನ ಕೊನೆಗೆ ಇಡು! ಕೈ ತುರಿಸಿದ್ರೂ ತಡ್ಕೊಳ್ಳೋನೇ ದೊಡ್ಡ ಕೋಚು. ಎದುರಿಗಿರೋನನ್ನ ನೋಡಿ ಕಲಿ!"

ಕೊನೆಗೆ ಇಡು...

ಅವನಂದದ್ದೂ ಅದೇ ಮಾತು! ಗೋಡೆ ಗಡಿಯಾರ ನೋಡಿದಳು. ದೇವರೇ, ರೈಲಿಗೆ ಹೊತ್ತಾಗುತ್ತಿದೆ!

"ಏಯ್... ಅವತ್ತು 'ಕೊನೆಗೆ' ಅಂದ್ಯಲ್ಲ... ಆಟದ ಭಾಷೇಲಿ ಅಂದ್ಯಾ?"

"ನಂಗೆ ಬೇರೆ ಯಾವ ಭಾಷೆ ಬರುತ್ತೆ?" ಅವನು ತಲೆ ಎತ್ತಲಿಲ್ಲ. "ಅಮ್ಮನ ಕಣ್ಣಿನ ಆಪರೇಷನ್, ತಂಗಿ ಓದು, ನಂಗೊಂದು ಕೆಲಸ... ಅವೆಲ್ಲ ಹೇಗೋ ಆಗೋವು, ಈಗ ಆಗಿವೆ ಕೂಡ. ಆದ್ರೆ ನೀನು 'ಇಲ್ಲ' ಅಂದಿದ್ರೆ... ನನ್ನ ಸರದಿನೇ ಮುಗೀತಿತ್ತಲ್ಲ!"

"ಬಿಡಿಸಿ ಹೇಳೋಕೇನಾಗಿತ್ತು ದಾಡಿ?"

"ಹೇಳೋಕೆ ಬಿಟ್ಯಾ? ಬ್ರಷ್ ಎಸೆದು ಹೋದೆ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಉಕ್ಕಿಬಂದವು.

"ಯಾರ ಸರದಿನಪ್ಪಾ ಈಗ?" ಚಿಕ್ಕಪ್ಪ ಗದರಿದರು.

"ನಂದು." ದಾಳ ಬೇಡದ ನಡೆಗಳನ್ನೆಲ್ಲ ಮುಗಿಸಿ ಅವನು ದಾಳವನ್ನು ಮುಷ್ಟಿಯಲ್ಲಿ ಹಿಡಿದ. "ಉಳಿದಿರೋದು ಇದೊಂದೇ... ಹಾಕ್ಲಾ?"

ಅವಳು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿದಳು.

"ಒಂದು ಬಿದ್ರೂ... ಹೂಂ ಕಣೋ!"