ಬರೆಯದೆ ಬಿಟ್ಟ ಮಾತು

"ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಕಾಕಾ ಏನಂದ್ರು?"

ಯೋಗಿರಾಜ ಹಾಗೆ ಕೇಳಿದ್ದೇ ತಡ, ಉಜ್ವಲಾಳ ಬೆರಳುಗಳು ಯಂತ್ರದ ಮೇಲೆ ನಿಂತುಬಿಟ್ಟವು.

ಸೋಲಾಪುರದ ಆ ಚಾದರದ ಅಂಗಡಿಯಲ್ಲಿ ಅವಳಿಗದು ಮೊದಲ ದಿನ. ಜ್ವರ ಬಂದು ಕಿವಿ ಕೇಳದಂತಾದ ಯೋಗಿರಾಜನ ಪಕ್ಕ ಕೂತು, ಮನೆಯವರ ಬೈಠಕ್ಕಿನಲ್ಲಿ ಆಡಿದ ಮಾತನ್ನು ಆಡುತ್ತಿದ್ದಂತೆಯೇ ಅವನ ಪರದೆಗೆ ಮೂಡಿಸುವ ಕೆಲಸ. ಹಾರ್ಮೋನಿಯಂ ನುಡಿಸಿದಂತೆ ನಾಲ್ಕೈದು ಕೀಲಿ ಒಟ್ಟಿಗೆ ಒತ್ತಿದರೆ ಒಂದು ಶಬ್ದ. ಅಕ್ಕಲಕೋಟೆಯ ಸಂಜೆ ಕ್ಲಾಸಿನಲ್ಲಿ ಕಲಿತದ್ದು ಸಾಕಾದೀತೋ ಇಲ್ಲವೋ... ಬಸ್ಸಿನುದ್ದಕ್ಕೂ ಅದೇ ಅಂಜಿಕೆ.

ನಾಗಣ್ಣ ಕಾಕಾ ಅಂದಿದ್ದು ಇಷ್ಟು: "ಕಿವಿ ಕೇಳದಾವ ಗಿರಾಕಿಗೋಳ್ನ ಹ್ಯಾಂಗ ಸಂಭಾಳಸ್ತಾನ? ದುಧನಿ ಊರಾಗಿನ ಗೋಡೌನದಾಗ ಕುಂದರಲಿ."

ಇದನ್ನು ಹೇಗೆ ಬರೆಯಲಿ?

'ಚಹಾ ತರಸ್ರಿ ಅಂದ್ರು' ಎಂದು ಬರೆದಳು.

ಅವನು ಬಾಗಿಲ ಕಡೆ ನೋಡಿದ. ಚಹಾ ಬರಲಿಲ್ಲ.

ಆಮೇಲೆ ಪ್ರತಿ ಶನಿವಾರ ಬೈಠಕ್ಕು. "ನಾ ಮಾತಾಡೂದು ಬರೀಬ್ಯಾಡ್ರಿ, ಅದು ನನಗ ಗೊತ್ತೈತಿ" ಎಂದು ಅವನು ಕಾಡಿಸುವನು. ಶನಿವಾರ ಬರುವುದು ತಡವಾಗುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತು.

ಮೂರು ತಿಂಗಳಿಗೆ ಅವನ ತಾಯಿ ಸಾವಿತ್ರಿಬಾಯಿ ಮಗನ ಬಟ್ಟೆ ಗಂಟು ಕಟ್ಟುತ್ತ, ಕಾಕಾ ಅವತ್ತೇ ಆಡಿದ್ದ ದುಧನಿಯ ಮಾತನ್ನು ಬರೆದು ತೋರಿಸಿದಳು. ಅವನು ನೇರ ಉಜ್ವಲಾಳ ಎದುರು ಬಂದು ನಿಂತ.

"ಅವತ್ತ ಗೊತ್ತಾಗಿದ್ರ ಉತ್ತರಾ ಕೊಡ್ತಿದ್ನಿ. ಸುಮ್ಮನ ಕುಂತಾನ, ಒಪ್ಯಾನ ಅಂತ ಎಲ್ಲಾರೂ ತಿಳಕೊಂಡಾರ."

"ನಿಮಗ ನೋವಾಗಬಾರದಂತ..." ಎಂದು ಪರದೆಗೆ ಬರೆದಳು.

"ಅದನ್ನ ನೀವ ತೀರ್ಮಾನಾ ಮಾಡಿದ್ರಿ?"

ಅವಳು ಯಂತ್ರದ ಮುಚ್ಚಳ ಮುಚ್ಚಿದಳು.

ಮುಂದಿನ ಶನಿವಾರ, ಬೇಡವೆಂದರೆ ಹಿಂತಿರುಗುವುದು ಎಂದುಕೊಂಡೇ ಬಂದಳು. ಅವನು ಅವಳತ್ತ ನೋಡದೆ ಪರದೆ ಎಳೆದುಕೊಂಡು, ತಾನು ದುಧನಿಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಹೇಳಿದ.

"ಆವಾಗ ಸುಮ್ಮನಿದ್ದಿ, ಈಗೇನು ತಕರಾರು?" ಎಂದರು ಕಾಕಾ. ಅವಳು ಹಾಗೇ ಬರೆದಳು. ಆಮೇಲೆ ಎದ್ದು ನಿಂತಳು.

"ಕಾಕಾ, ನಿಮ್ಮ ಮಾತು ನಾ ಅವರಿಗೆ ಮುಟ್ಟಿಸಲೇ ಇಲ್ರಿ. ತಪ್ಪು ನಂದು."

"ಬರಿಯಾಕ ಬಂದಾಕಿ ಭಾಷಣ ಮಾಡಾಕತ್ತಾಳಲ್ಲೋ!"

ಕೂತು ತನ್ನ ಮಾತನ್ನೂ ಬರೆದಳು, ಕಾಕಾನ ಮಾತನ್ನೂ ಬರೆದಳು. ಓದಿ ಯೋಗಿರಾಜ ನಕ್ಕುಬಿಟ್ಟ.

"ಕಾಕಾ, ಗಿರಾಕಿ ಚಾದರಾ ಮುಟ್ಟಿ ನೋಡಿ ತಗೋತಾನ. ಬೇಕಾದ್ದು ಬೆರಳು ಮಾಡಿ ತೋರಸ್ತಾನ. ದೀಪಾವಳಿ ತನಕ ಗಲ್ಲಾಪೆಟ್ಟಿಗಿ ಮುಂದ ನಾ ಕುಂದರತೀನಿ. ಆಗಲಿಲ್ಲಂದ್ರ ನಾನ ದುಧನಿಗೆ ಹೋಗ್ತೀನಿ."

ಕಾಕಾ ಮೀಸೆ ಸವರಿಕೊಂಡರು. "ದೀಪಾವಳಿ ತನಕಷ್ಟ."

ಎಲ್ಲರೂ ಕೆಳಗಿಳಿದ ಮೇಲೆ ಅವನು ಕೇಳಿದ, "ಇನ್ನೇನಾರ ಬಿಟ್ಟೀರೇನು?"

ಅವಳು ತಡೆದು ತಡೆದು ಒತ್ತಿದಳು: 'ಒಂದೈತ್ರಿ. ಯಾರೂ ಅಂದದ್ದಲ್ಲ. ನಿಮ್ಮ ಬಾಜೂಕ ಜಲ್ಮಪೂರ್ತಿ ಕುಂದರಬೇಕನಸ್ತೈತಿ.'

ಅವನು ಪರದೆ ಮಗುಚಿಟ್ಟ. "ಬಾಯಿಲೆ ಹೇಳ್ರಿ. ತುಟಿ ನೋಡಿ ತಿಳಕೋತೀನಿ."

ಹೇಳಿದಳು.

"ತಿಳೀಲಿಲ್ಲ."

ಅವನ ಕಣ್ಣು ನೋಡಿದರೆ ಎಲ್ಲ ತಿಳಿದಿತ್ತು. ಆದರೂ ಅವಳು ಇನ್ನೊಮ್ಮೆ, ಇನ್ನಷ್ಟು ನಿಧಾನವಾಗಿ ಹೇಳಿದಳು.