ಲೆಕ್ಕಕ್ಕೆ ಬಾರದ ಬೆಣ್ಣೆ

ಹನ್ನೊಂದು ವರ್ಷದಿಂದ ಮಾತ್ರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದವನಿಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ. ಸಾಲಿನಲ್ಲಿ ಬಂದ ಹೆಂಗಸೊಬ್ಬಳು ಚೀಲದಿಂದ ಅಂಗೈಯಗಲದ ಡಿಜಿಟಲ್ ತಕ್ಕಡಿಯೊಂದನ್ನು ತೆಗೆದು ಅವನ ಕೌಂಟರಿನ ಮೇಲಿಟ್ಟಳು. ಅದರ ಮೇಲೆ ಖಾಲಿ ಬಟ್ಟಲಿಟ್ಟು, ಸೊನ್ನೆ ಬರುವ ತನಕ ಕಾದು, ಈಗ ಹಾಕಿ ಎಂದಳು.

ಅವನು ಬೆಪ್ಪಾಗಿ ನಿಂತ. ಹಿಂದೆ ಇಪ್ಪತ್ತು ಜನ ತಟ್ಟೆ ಹಿಡಿದು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು.

"ಇಲ್ಲಿ ಕಮ್ಮಿ ಕೊಡ್ತೀವಿ ಅಂತ ಅನುಮಾನನಾ ಮೇಡಂ?"

"ಜಾಸ್ತಿ ಕೊಡ್ತೀರಿ ಅಂತ ಭಯ," ಎಂದಳು ಅವಳು, ನಗದೆ.

ಅವಳು ಮಾತ್ರೆಗಳ ತೂಕ ಪರೀಕ್ಷಿಸುವ ವಿಭಾಗದವಳು. ಒಂದು ಮಾತ್ರೆ ಮಿಲಿಗ್ರಾಂ ಆಚೀಚೆಯಾದರೂ ಇಡೀ ಡಬ್ಬಿ ವಾಪಸು ಕಳಿಸುವವಳು. ಕಾರ್ಖಾನೆಯವರು ಬೆನ್ನ ಹಿಂದೆ ಗ್ರಾಂ ಮೇಡಂ ಎನ್ನುತ್ತಿದ್ದರು. ಎದುರಿಗೆ ಅಂದರೂ ಅವಳಿಗೆ ಬೇಜಾರಿರಲಿಲ್ಲ. ಅವನನ್ನು ಮಾತ್ರ ಎಲ್ಲರೂ ಎದುರಿಗೇ ಮಾಸ್ಟರ್ ಎಂದು ಕರೆಯುತ್ತಿದ್ದರು. ವಯಸ್ಸು ಮೂವತ್ತಾರು, ಮದುವೆಯಿಲ್ಲ. ಅವನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಹೆಚ್ಚುವಷ್ಟೇ ಚುರುಕಾಗಿ ಮಾತಾಡುತ್ತಾ ಕೂತಿರುತ್ತಿದ್ದಳು.

ಎರಡನೆಯ ದಿನ ಗ್ರಾಂ ಮೇಡಂ ಊಟ ಮುಗಿಸಿ ಬಂದು, ಪಾತ್ರೆಗೆ ಎಷ್ಟು ಎಣ್ಣೆ ಹಾಕಿದಿರಿ, ಎಷ್ಟು ಜನರಿಗೆ ಅಡುಗೆ ಎಂದು ಕೇಳಿದಳು. ಅವನು ಲೆಕ್ಕ ಹೇಳಿದ. ಅವಳು ಭಾಗಿಸಿ, ತನ್ನ ಪಾಲಿಗೆ ಬಂದ ಎಣ್ಣೆಯನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಬಾಯಿಗೆ ಹೋಗುವುದೆಲ್ಲ ಅಲ್ಲಿ ಏರುತ್ತಿತ್ತು. ಎರಡು ಬಿಸ್ಕತ್ತು ಎಂದು ಬರೆದು ಕೈತೊಳೆದುಕೊಳ್ಳುವ ಪೈಕಿಯಲ್ಲ ಅವಳು. ಬಿಸ್ಕತ್ತು ಹದಿನಾಲ್ಕು ಗ್ರಾಂ, ಅದಕ್ಕಿಷ್ಟು ಕ್ಯಾಲೊರಿ, ದಿನದ ಮಿತಿಯಲ್ಲಿ ಉಳಿದದ್ದು ಇಷ್ಟು.

ಉಪ್ಪು ಜಾಸ್ತಿ, ಖಾರ ಕಮ್ಮಿ ಎಂಬ ಎರಡು ಮಾತು ಬಿಟ್ಟು ಹನ್ನೊಂದು ವರ್ಷದಲ್ಲಿ ಅವನಿಗೆ ಅಡುಗೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಇವಳು ಕೇಳುತ್ತಿದ್ದಳು, ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಅಷ್ಟಕ್ಕೇ ಅವನು ಸೋತ. ಯಾರಿಗಾದರೂ ಹೇಳಿದರೆ ನಕ್ಕಾರು, ಆದರೆ ಸೋತದ್ದು ಅಲ್ಲೇ.

ತಕ್ಕಡಿಯ ಅಂಕಿ ನೂರಾ ಎಪ್ಪತ್ತೊಂಬತ್ತು, ನೂರಾ ಎಂಬತ್ತು ಎಂದು ಹೊಯ್ದಾಡುವಾಗ ಅವಳ ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ನೂರಾ ಎಂಬತ್ತೊಂದಾದರೆ ಚಮಚದ ತುದಿಯಿಂದ ಒಂದು ಬಟಾಣಿಯನ್ನು ಎತ್ತಿ ಅವನ ಪಾತ್ರೆಗೇ ವಾಪಸು ಹಾಕುತ್ತಿದ್ದಳು. ಆಮೇಲೆ ರೆಪ್ಪೆಯೆತ್ತಿ, ಸಾಕು ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವನು ಬೇಕೆಂದೇ ಒಂದು ಬಟಾಣಿ ಹೆಚ್ಚು ಹಾಕುವುದನ್ನು ಕಲಿತ.

ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆಂದೇ ಬೇರೆ ಪಾತ್ರೆ ಇಡತೊಡಗಿದ. ಮಧ್ಯಾಹ್ನಕ್ಕೆ ಸೂಪು, ತರಕಾರಿ. ಸಂಜೆಗೆ ಒಂದು ಡಬ್ಬಿ. ಐದು ಗಂಟೆಗೆ ಅವಳು ಡಬ್ಬಿ ಹಿಡಿದು ಮನೆಗೆ ಹೋಗದೆ ಬೇರೆ ದಿಕ್ಕಿನ ಬಸ್ಸು ಹತ್ತುತ್ತಿದ್ದಳು. ಜೊತೆಗೆ ಅವನು ಒಂದು ಚೀಟಿ ಕೊಡುತ್ತಿದ್ದ: ಎಣ್ಣೆ ಐದು ಗ್ರಾಂ, ಬೇಳೆ ನಲವತ್ತು, ಹೀಗೆ. ತಕ್ಕಡಿಗೆ ತೂಕ ಮಾತ್ರ ಗೊತ್ತು, ಒಳಗೇನಿದೆ ಎಂಬುದು ಗೊತ್ತಿಲ್ಲ. ಅದಕ್ಕೆ ಅವಳು ಅವನ ಚೀಟಿಯನ್ನು ನಂಬಿದ್ದಳು.

"ಹೆಣ್ಣುಮಗಳು ಸುಮ್ಮನೆ ಹೊಟ್ಟೆ ಕಟ್ಟಲ್ಲ ಕಣೋ," ಎಂದಳು ಚಿಕ್ಕಮ್ಮ ಒಂದು ಸೋಮವಾರ, ಸೌತೆಕಾಯಿ ಸಿಪ್ಪೆ ತೆಗೆಯುತ್ತಾ. "ಯಾವನೋ ದಪ್ಪ ಅಂದಿದಾನೆ. ಸಂಜೆ ಅವನ್ನೇ ನೋಡೋಕೆ ಹೋಗ್ತಾಳೆ, ಬರೆದಿಟ್ಕೋ."

ಚಿಕ್ಕಮ್ಮನಿಗೆ ಅದು ಬಾಯಿ ಚಪಲ. ಅವನ ಎದೆಗೆ ಮಾತ್ರ ನಾಟಿತು. ಕಂಡರಿಯದ ಆ ಗಂಡಸಿನ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಇವಳ ಕೆನ್ನೆಯ ಗುಳಿ ಕಾಣದ ಕುರುಡನೇ ಅವನು? ಅಂದು ಅವಳ ಸೂಪಿಗೆ ಒಂದು ಉಂಡೆ ಬೆಣ್ಣೆ ಬಿತ್ತು. ಚೀಟಿಗೆ ಏರಲಿಲ್ಲ. ಮರುದಿನ ರುಬ್ಬಿದ ತರಕಾರಿಗೆ ಕೆನೆ ಸೇರಿತು, ಸಂಜೆಯ ಡಬ್ಬಿಗೆ ಹುರಿದ ಕಡಲೆಕಾಯಿ ಪುಡಿ. ಹಾಕಿದ್ದು ನಾಲಿಗೆಗೆ ಸಿಗದಂತೆ ಹಾಕುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಇತ್ತೀಚೆಗೆ ನಿಮ್ಮ ಕೈರುಚಿ ಹೆಚ್ಚಾಗಿದೆ ಎಂದು ಅವಳು ಒಮ್ಮೆ ಹೇಳಿದಾಗ ಅವನು ನೆಲದ ಮೇಲೆ ನಿಂತಿರಲಿಲ್ಲ.

ಆರು ವಾರ ಹೀಗೇ ನಡೆಯಿತು.

ಆಮೇಲೆ ಒಂದು ಮಧ್ಯಾಹ್ನ ಮೂರು ಗಂಟೆಗೆ, ಕ್ಯಾಂಟೀನಿನಲ್ಲಿ ಬೆಂಚು ಒರೆಸುವ ಹೊತ್ತಿನಲ್ಲಿ, ಅವಳು ಬಂದು ಕೂತಳು. ಮುಖ ಬಿಳಿಚಿಕೊಂಡಿತ್ತು. ನಿಮ್ಮ ಅಡುಗೆಮನೆಯ ತಕ್ಕಡಿ ಸರಿಯಿದೆಯೇ ಎಂದು ಕೇಳಿದಳು. ಇದೆ ಎಂದ. ಹಾಗಾದರೆ ತಪ್ಪು ನನ್ನಲ್ಲೇ ಇರಬೇಕು ಎಂದು ತನಗೇ ಹೇಳಿಕೊಂಡಂತೆ ಮಾತು ಶುರುಮಾಡಿದಳು.

ಅವಳಿಗೆ ಒಬ್ಬಳೇ ಅಕ್ಕ. ಅಕ್ಕನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ಮೈಯೊಡ್ಡಿ ಕೂರಬೇಕು. ಸಂಜೆಯ ಬಸ್ಸು ಅಲ್ಲಿಗೆ. ತಂಗಿಯ ಕಿಡ್ನಿ ಹೊಂದುತ್ತದೆ, ಆದರೆ ಎಪ್ಪತ್ತೊಂಬತ್ತು ಕಿಲೋ ಇದ್ದವಳು ಎಪ್ಪತ್ನಾಲ್ಕಕ್ಕಿಂತ ಕೆಳಗಿಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಮೊದಲ ತಿಂಗಳು ಎರಡು ಕಿಲೋ ಇಳಿಯಿತು. ಆಮೇಲಿನ ಆರು ವಾರದಲ್ಲಿ ಬರೀ ನಾನೂರು ಗ್ರಾಂ. ಇವತ್ತು ಡಾಕ್ಟರ್ ಅವಳ ಲೆಕ್ಕವನ್ನೆಲ್ಲ ನೋಡಿ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟರಂತೆ. ಬರೆದದ್ದು ನಿಜವಾದರೆ ಇಳಿಯಲೇಬೇಕು, ಇಳಿದಿಲ್ಲ ಎಂದರೆ ನೀವು ಕದ್ದು ತಿನ್ನುತ್ತಿದ್ದೀರಿ. ಈಗಲೇ ಸುಳ್ಳು ಬರೆಯುವವರು ಆಪರೇಷನ್ ಆದಮೇಲೆ ನಿಯಮ ಪಾಲಿಸುತ್ತೀರಿ ಎಂದು ನಾನು ಹೇಗೆ ನಂಬಲಿ, ಮುಂದಿನ ವಾರ ದಾನಿಯ ಜಾಗದಿಂದ ನಿಮ್ಮ ಹೆಸರು ತೆಗೆಯುತ್ತೇನೆ ಎಂದರಂತೆ.

"ಅಕ್ಕ ಕೂಡ, ಹೋಗ್ಲಿ ಬಿಡೇ, ಹಸಿವಾದ್ರೆ ತಿನ್ನು ಅಂದ್ಬಿಟ್ಳು ಮಾಸ್ಟರ್. ಅವಳೂ ನಂಬ್ತಿಲ್ಲ. ನಿದ್ದೆಗಣ್ಣಲ್ಲಿ ಎದ್ದು ಹೋಗಿ ತಿಂತೀನೇನೋ ಅಂತ ಈಗ ನನಗೇ ಅನುಮಾನ."

ಅವನು ಒರೆಸುವ ಬಟ್ಟೆ ಕೆಳಗಿಟ್ಟು ಎದುರಿನ ಬೆಂಚಿನಲ್ಲಿ ಕೂತ. ಕಣ್ಣ ಮುಂದೆ ಬೆಣ್ಣೆಯ ಉಂಡೆಗಳು ಒಂದರ ಹಿಂದೊಂದು ಕರಗಿದವು. ಅವಳಿಗೆ ತಿನ್ನಿಸುತ್ತಿದ್ದೇನೆ ಎಂದುಕೊಂಡಿದ್ದ. ಅವಳ ಅಕ್ಕನ ಜೀವಕ್ಕೆ ಕೈ ಹಾಕಿದ್ದ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಾಳೆಯಿಂದ ಬೆಣ್ಣೆ ನಿಲ್ಲಿಸಿದರೆ ತೂಕ ತಾನಾಗಿ ಇಳಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಂದು ವಾರಕ್ಕೆ ಎಷ್ಟು ಇಳಿದೀತು? ಅಷ್ಟರೊಳಗೆ ಅವಳ ಹೆಸರು ಹೋಗುತ್ತದೆ. ಹೆಸರು ಉಳಿದರೂ ಅವಳು ತನ್ನನ್ನೇ ಸುಳ್ಳಿ ಎಂದು ನಂಬಿ ಬದುಕಬೇಕು. ಅದನ್ನು ನೋಡುತ್ತಾ ಕೂರುವುದು ಅವನಿಂದ ಆಗದ ಮಾತು.

"ನಿಮ್ಮ ಲೆಕ್ಕ ಸರಿ ಇದೆ ಮೇಡಂ," ಎಂದ. "ನನ್ನ ಚೀಟಿ ಸುಳ್ಳು."

ಹೇಳಿದ. ಬೆಣ್ಣೆ, ಕೆನೆ, ಕಡಲೆಕಾಯಿ, ಎಲ್ಲವನ್ನೂ ಹೇಳಿದ. ಬೈಯುತ್ತಾಳೆ, ಎದ್ದು ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ಚೀಲದಿಂದ ತಕ್ಕಡಿ ತೆಗೆದು ಬೆಂಚಿನ ಮೇಲಿಟ್ಟಳು.

"ದಿನಾ ಹಾಕ್ತಿದ್ದ ಹಾಗೇ ಹಾಕಿ. ಕಮ್ಮಿ ಮಾಡ್ಬೇಡಿ."

ಅವನು ಒಳಗಿನಿಂದ ತಂದು ಬೆಣ್ಣೆ ಹಾಕಿದ: ಮೂವತ್ತು ಗ್ರಾಂ. ಕೆನೆ ಐವತ್ತು. ಪುಡಿ ಇಪ್ಪತ್ತು. ದಿನಕ್ಕೆ ಐನೂರು ಕ್ಯಾಲೊರಿ. ಎಷ್ಟು ದಿನ ಎಂದಳು. ಮೂವತ್ತಾರು ಎಂದ. ಖಚಿತವೇ ಎಂದಳು. ಖಚಿತ, ಒಂದು ದಿನವೂ ತಪ್ಪಿಸಿಲ್ಲ ಎಂದ, ತಲೆ ತಗ್ಗಿಸಿ. ಅವಳು ಗುಣಿಸಿದಳು, ಭಾಗಿಸಿದಳು. ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ. ಇಳಿಯಬೇಕಿದ್ದ ತೂಕಕ್ಕೂ ಇಳಿದ ತೂಕಕ್ಕೂ ನಡುವಿನ ಕಂದರ ಕರಾರುವಾಕ್ಕಾಗಿ ಮುಚ್ಚಿಹೋಯಿತು. ಆಗ ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಸಿಟ್ಟಿಗಲ್ಲ. ತಾನು ಸುಳ್ಳು ಬರೆದಿರಲಿಲ್ಲ ಎಂಬ ನೆಮ್ಮದಿಗೆ.

ಸಿಟ್ಟು ಆಮೇಲೆ ಬಂತು. ಯಾಕೆ ಹೀಗೆ ಮಾಡಿದಿರಿ ಎಂದಳು, ಕಣ್ಣು ಒರೆಸದೆ.

ಅವನು ಚಿಕ್ಕಮ್ಮನ ಮಾತು ಹೇಳಿದ, ಇಲ್ಲದ ಆ ಗಂಡಸಿನ ವಿಷಯ ಹೇಳಿದ. "ನೀವು ಸಣ್ಣಗಾಗಿ ಅವನ ಹತ್ರ ಹೋಗ್ಬಿಡ್ತೀರಿ ಅಂತ ಹೊಟ್ಟೆಕಿಚ್ಚು. ನನಗೆ ನೀವು ಇದ್ದ ಹಾಗೇ ಇಷ್ಟ ಆಗಿದ್ರಿ."

ಈ ಸಲ ದಂಗಾದವಳು ಅವಳು.

"ಅದನ್ನ ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ? ನನ್ನ ಬಾಯಿಗೇ ತುರುಕಬೇಕಿತ್ತಾ?" ಎಂದು ಎದ್ದು, ನಾಳೆ ಒಂಬತ್ತಕ್ಕೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಹೋದಳು.

ಡಾಕ್ಟರ್ ಅವನ ಕಥೆಯನ್ನು ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡು, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇಂಥದ್ದು ಕೇಳಿಲ್ಲ ಎಂದರು. ಅವಳ ಕ್ಷಮೆ ಕೇಳಿ ಇನ್ನಾರು ವಾರ ಕೊಟ್ಟರು. ಪಕ್ಕದ ಕೋಣೆಯಲ್ಲಿ ತೋಳಿಗೆ ನಳಿಗೆ ಸಿಕ್ಕಿಸಿಕೊಂಡು ಅಕ್ಕ ಕೂತಿದ್ದಳು, ಕಡ್ಡಿಯಂತೆ. ಅವಳನ್ನು ನೋಡಿ ಅವನು ಬಾಗಿಲಲ್ಲೇ ನಿಂತ. ಅಕ್ಕನೇ ಕರೆದಳು.

"ನನ್ನ ತಂಗೀನ ನಾನೇ ನಂಬ್ಲಿಲ್ಲ. ನೀವು ಬಂದು ಹೇಳಿದ್ರಿ. ಆದ್ರೆ ಇನ್ನೊಂದು ಚಮಚ ಬೆಣ್ಣೆ ಬಿತ್ತೋ, ಈ ಸೂಜಿ ಕಿತ್ಕೊಂಡು ನಾನೇ ನಿಮ್ಮ ಅಡುಗೆಮನೆಗೆ ಬರ್ತೀನಿ."

ಮುಂದಿನ ಆರು ವಾರ ಗ್ರಾಂ ಮೇಡಂ ಅಡುಗೆಮನೆಯ ಒಳಗೇ ಬಂದು ನಿಂತು ಪ್ರತಿಯೊಂದನ್ನೂ ತಾನೇ ತೂಗಿಸಿದಳು. ಎಣ್ಣೆ ಐದು ಎನ್ನುತ್ತಿದ್ದಳು, ಐದು ಎನ್ನುತ್ತಿದ್ದ. ಅದರಾಚೆಗೆ ಮಾತಿಲ್ಲ. ಚಿಕ್ಕಮ್ಮ ಆ ಆರು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಅದೂ ಒಂದು ಪವಾಡವೇ. ಕ್ಷಮಿಸಿದೆ ಎಂದು ಗ್ರಾಂ ಮೇಡಂ ಹೇಳಲಿಲ್ಲ. ಕೇಳುವ ಮುಖ ಅವನಿಗಿರಲಿಲ್ಲ. ನಾಲ್ಕನೆಯ ವಾರ ಮಾತ್ರ ಒಮ್ಮೆ, ಇಬ್ಬರೂ ತಕ್ಕಡಿಯ ಮೇಲೆ ಬಗ್ಗಿದಾಗ ಹಣೆಗೆ ಹಣೆ ತಾಗಿತು. ಅವಳು ಸರಿಯಲು ಒಂದು ಗಳಿಗೆ ತಡಮಾಡಿದಳು.

ಕೊನೆಗೊಂದು ದಿನ ಮೊಬೈಲಿಗೆ ಅವಳಿಂದ ಬರೀ ಅಂಕಿ ಬಂತು: 73.8. ಅವನು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತು ಅತ್ತ. ಆಮೇಲೆ ಅವಳು ರಜೆ ಹಾಕಿದಳು, ಆಪರೇಷನ್ ಯಾವತ್ತು ಎನ್ನುವುದನ್ನೂ ಹೇಳಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡ.

ಹತ್ತು ದಿನದ ಮೇಲೆ ಬೆಳಿಗ್ಗೆ ಏಳಕ್ಕೆ, ಅನ್ನದ ಎಸರು ಕುದಿಯುವಾಗ, ಆಸ್ಪತ್ರೆಯಿಂದ ಫೋನು. ಹತ್ತು ಗಂಟೆಗೆ ಆಪರೇಷನ್, ಪೇಷಂಟ್ ಕಡೆಯವರು ಇನ್ನೂ ಸಹಿಗೆ ಬಂದಿಲ್ಲವಲ್ಲ ಎಂದು ನರ್ಸ್ ಗದರಿದಳು. ಯಾರಿಗೋ ಮಾಡಬೇಕಾದ ಫೋನು ಎಂದ. ಕ್ಯಾಂಟೀನಿನವರಿಗೂ ಗೊತ್ತಿಲ್ಲದ, ಅಂದು ಡಾಕ್ಟರ್ ಕೇಳಿದಾಗ ಮಾತ್ರ ಹೇಳಿದ್ದ ಅವನ ಪೂರ್ತಿ ಹೆಸರನ್ನು ನರ್ಸ್ ಓದಿ ಹೇಳಿದಳು. ಎಸರನ್ನು ಚಿಕ್ಕಮ್ಮನಿಗೆ ಬಿಟ್ಟು, ಏಪ್ರನ್ ಬಿಚ್ಚುವುದನ್ನೂ ಮರೆತು ಓಡಿದ.

ನರ್ಸ್ ಫಾರಂ ಮುಂದಿಟ್ಟಳು. ಜೊತೆಗಿರುವವರು ಎಂಬಲ್ಲಿ ಅವನ ಹೆಸರು. ಪೇಷಂಟ್‌ಗೆ ಏನಾಗಬೇಕು ಎಂಬಲ್ಲಿ ಗ್ರಾಂ ಮೇಡಂನ ದುಂಡು ಅಕ್ಷರದಲ್ಲಿ: ಮದುವೆಯಾಗಲಿರುವವರು.

ಅವನು ಅದನ್ನು ಓದಿದ. ಮತ್ತೆ ಓದಿದ. ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು. ಪಾಪ ಹೆದರಿದ್ದಾನೆ ಎಂದುಕೊಂಡ ನರ್ಸ್, ಎರಡು ನಿಮಿಷ ಒಳಗೆ ಹೋಗಿ ನೋಡಿಕೊಂಡು ಬನ್ನಿ ಎಂದಳು.

ಹಸಿರು ಗೌನಿನಲ್ಲಿ ಅವಳು ಮಲಗಿದ್ದಳು. ಅವನನ್ನು, ಅವನ ಏಪ್ರನ್ನನ್ನು ನೋಡಿ ಕೆನ್ನೆಯಲ್ಲಿ ಗುಳಿ ಬಿತ್ತು.

"ಆ ಫಾರಂನಲ್ಲಿ..." ಎಂದ. ಏಪ್ರನ್ನಿಗೆ ಕೈ ಒರೆಸಿಕೊಂಡ. "ನನ್ನ ಒಂದು ಮಾತು ಕೇಳ್ಲೇ ಇಲ್ವಲ್ಲ."

"ಬೆಣ್ಣೆ ಹಾಕೋವಾಗ ನೀವು ನನ್ನ ಕೇಳಿದ್ರಾ?"

ಬೇಡದಿದ್ದರೆ ಹೊಡೆದುಹಾಕಿ, ಪೆನ್ನು ಹೊರಗಿದೆ ಎಂದಳು. ಹಾಗೆನ್ನುವಾಗ ದನಿ ಸಣ್ಣಗೆ ನಡುಗಿತು, ಅಂಥವಳಿಗೂ ಭಯವಿತ್ತು. ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕರೆದೊಯ್ಯುವವರು ಬರುವ ತನಕ ಬಿಡಲಿಲ್ಲ. ಆಮೇಲೆ ಹೊರಗೆ ಬಂದು ಸಹಿ ಹಾಕಿದ.

ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಹೊರಬಂದು ಮೊದಲು ಅಕ್ಕನ ಪರವಾಗಿ ಸಹಿ ಹಾಕಿ ಕೂತಿದ್ದ ಅವಳ ಗಂಡನಿಗೆ ಹೇಳಿದರು: ಹೊಸ ಕಿಡ್ನಿ ಆಗಲೇ ಕೆಲಸ ಶುರುಮಾಡಿದೆ. ತಂಗಿಯೂ ಆರಾಮಾಗಿದ್ದಾಳೆ, ಅವಳ ಕಡೆಯವರು ಯಾರು ಎಂದು ಫಾರಂ ತೆಗೆದರು. ಅವನು ಎದ್ದು ನಿಂತ. ಡಾಕ್ಟರ್ ಫಾರಂ ನೋಡಿದರು, ಅವನನ್ನು ನೋಡಿದರು, ಮತ್ತೆ ಫಾರಂ ನೋಡಿದರು.

"ಬೆಣ್ಣೆಯವರಲ್ವಾ ನೀವು? ನೀವು... ಮದುವೆಯಾಗಲಿರುವವರಾ?"

"ಹೌದು ಸಾರ್," ಎಂದ ಅವನು. "ನನಗೂ ಇವತ್ತು ಬೆಳಿಗ್ಗೆನೇ ಗೊತ್ತಾಗಿದ್ದು."