ತಂಗಿ ಮನೆ ಮುಂದೆ ನಿಲ್ಲುವ ಕಾರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಶುಂಠಿ ಬೆಳೆಗಾರ ಸೋಮಯ್ಯ ಪಿರಿಯಾಪಟ್ಟಣ ಠಾಣೆಗೆ ಬಂದು, ತನ್ನ ತಂಗಿಯ ಗಂಡ ನಟರಾಜುವಿನ ಮೇಲೆ ದೂರು ಕೊಟ್ಟ. ವಾರಕ್ಕೊಮ್ಮೆ ವ್ಯಾಪಾರಿಗಳನ್ನು ಕಾಣಲು ಕೊಪ್ಪಕ್ಕೆ ಹೋಗುವಾಗ ಸೋಮಯ್ಯನ ಹಳೆಯ ಕಾರು ಕುದಿದು ನಿಲ್ಲುತ್ತಿತ್ತು. ನಿಲ್ಲುತ್ತಿದ್ದದ್ದು ಪ್ರತಿ ಸಲವೂ ನಟರಾಜುವಿನ ಮನೆ ಮುಂದೆಯೇ.

"ಅವ್ನೇ ಏನೋ ಮಾಡವ್ನೆ ಮೇಡಂ. ಎಫ್ಐಆರ್ ಹಾಕಿ."

ಸಬ್ ಇನ್ಸ್‌ಪೆಕ್ಟರ್ ನಂದಿತಾ ಪೆನ್ನು ಮುಟ್ಟಲಿಲ್ಲ. "ನಿಂತಾಗ ಏನಾಯ್ತು?"

"ತಂಗಿ ಬಿಂದಿಗೇಲಿ ನೀರು ತಂದ್ಲು. ಹೋದ್ವಾರ ಮಜ್ಜಿಗೆನೂ ಕೊಟ್ಲು."

"ಮಾತಾಡಿದ್ರಾ?"

"ನೀರಿಗೆ ಮಾತ್ಯಾಕೆ? ಗೃಹಪ್ರವೇಶಕ್ಕೆ ಫೋನಲ್ಲಿ ಕರೆದ್ರು. ಮನೆಗೆ ಬಂದು ಕುಂಕುಮ ಕೊಟ್ಟು ಕರೀಲಿಲ್ಲ. ಅವತ್ತೇ ಮಾತು ಬುಟ್ಟೆ."

ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವರ ಜೊತೆ ವಾದ ಮಾಡಿ ಫಲವಿಲ್ಲವೆಂದು ನಂದಿತಾಗೆ ಗೊತ್ತಿತ್ತು. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಶಿವನಂಜಪ್ಪ ಮತ್ತು ಮೆಕ್ಯಾನಿಕ್ ಶಿವಶಂಕರನನ್ನು ಕರೆದುಕೊಂಡು ಸೋಮಯ್ಯನ ಮನೆಗೆ ಹೋದಳು. ಪಕ್ಕದ ಮನೆಯವರಿಬ್ಬರು ಪಂಚರಾದರು.

ಶಿವಶಂಕರ ರೇಡಿಯೇಟರ್ ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರು ಕೊಟ್ಟ. ಫ್ಯಾನ್ ತಿರುಗಿತು. "ಮೋಟರ್ ಚೆನ್ನಾಗದೆ. ಕರೆಂಟೇ ಬರ್ತಿಲ್ಲ."

"ಹಾಗಾದ್ರೆ ದಾರಿಯಲ್ಲೆಲ್ಲೂ ನಿಲ್ಲದೆ ಕೊಪ್ಪದವರೆಗೆ ಹೇಗೆ ಹೋಗುತ್ತೆ?"

"ಓಡುವಾಗ ಗಾಳಿ ಸಾಕು ಮೇಡಂ. ಕೊಪ್ಪದ ಜನಸಂದಣೀಲಿ ನಿಧಾನ ಆದಾಗ್ಲೇ ಫ್ಯಾನ್ ಬೇಕು. ಸಂದಣಿ ದಾಟಿದ್ರೆ ಇವರ ತಂಗಿ ಮನೆ."

ಅವನು ಫ್ಯಾನಿನ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ. ಒಳಗಿನ ತಂತಿ ಸುಟ್ಟಿರಲಿಲ್ಲ. ಆದರೆ ಒಂದು ಕಾಲಿಗೆ ಕರೆಂಟ್ ಹರಿಯದಂತೆ ಏನೋ ಸುತ್ತಿತ್ತು. ಅದು ಕೆಂಗಂದು ಬಣ್ಣದ ಸ್ಟಿಕರ್ ಬೊಟ್ಟು.

ಶಿವನಂಜಪ್ಪ ಪಂಚನಾಮೆಯಲ್ಲಿ ಬೊಟ್ಟನ್ನೂ ಬರೆದ. ಅಷ್ಟರಲ್ಲಿ ಸೋಮಯ್ಯನ ಹೆಂಡತಿ ಸುನಂದಮ್ಮ ಎಲ್ಲರಿಗೂ ಕಾಫಿ ತಂದಳು. ಅವಳ ಹಣೆಯ ಮೇಲೆ ಅದೇ ಬಣ್ಣದ, ಅದೇ ಅಳತೆಯ ಬೊಟ್ಟಿತ್ತು. ನಂದಿತಾ ನೋಡಿದ್ದನ್ನು ಸುನಂದಮ್ಮನೂ ನೋಡಿದಳು.

"ನಡೀರಿ ಮೇಡಂ, ಠಾಣೆಗೆ ಬತ್ತೀನಿ," ಎಂದು ತಟ್ಟೆ ಕೆಳಗಿಟ್ಟಳು.

"ನೀನಾ?" ಎಂದ ಸೋಮಯ್ಯ.

"ಈ ಫ್ಯೂಸ್ ಹೋದ್ರೆ ಗಾಡಿ ಕಾದು ನಿಂತೋಯ್ತದೆ ಅಂತ ನೀವೇ ತೋರ್ಸಿದ್ದು. ಬರೋ ಭಾನುವಾರ ನಿಮ್ಮ ತಂಗಿ ಮಗಳು ಅನುಶ್ರೀ ಮದ್ವೆ. ಹಸೆಗೆ ಕರ್ಕೊಂಡು ಬರೋಕೆ ಸೋದರಮಾವ ಇಲ್ದೆ ಆ ಮಗು ಎಂಗೆ ಎದ್ದು ಬಂದಾಳು? ನಾನು ಹೇಳಿದ್ರೆ ಕೇಳ್ತಿದ್ರಾ?"

ಆ ಹುಡುಗಿಯನ್ನು ಎತ್ತಿ ಆಡಿಸಿದವನು ಸೋಮಯ್ಯನೇ.

"ದಸ್ತಗಿರಿ ಮಾಡ್ಲಾ?" ನಂದಿತಾ ಕೇಳಿದಳು.

"ಬ್ಯಾಡಿ. ದೂರು ವಾಪಸ್," ಎಂದು ಗೊಣಗಿ ಸಹಿ ಹಾಕಿದ. ಶಿವಶಂಕರ ಬೊಟ್ಟು ಬಿಡಿಸಿ ಫ್ಯೂಸ್ ಕೂರಿಸಿದ. ಇನ್ನು ಕಾರು ಕಾದು ನಿಲ್ಲುವಂತಿರಲಿಲ್ಲ. ಸುನಂದಮ್ಮನ ಮುಖ ಬಾಡಿದ್ದು ಅದಕ್ಕೇ. ತಪ್ಪಿತಸ್ಥೆಗೆ ಬೇಕಾಗಿದ್ದದ್ದು, ಗಂಡ ತಂಗಿಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವುದಷ್ಟೇ.

ಶುಕ್ರವಾರ ಕೊಪ್ಪದ ಬಂದೋಬಸ್ತಿಗೆ ಹೋಗಿದ್ದ ಶಿವನಂಜಪ್ಪ ಫೋನ್ ಮಾಡಿದ. "ಮೇಡಂ, ಆ ಗಾಡಿ ಮತ್ತೆ ಅಲ್ಲೇ ನಿಂತದೆ."

"ಮತ್ತೆ ಫ್ಯಾನಾ?"

"ಇಲ್ಲ, ಬಾನೆಟ್ ಮುಚ್ಚದೆ. ಸೋಮಯ್ಯೋರು ತಂಗಿ ಮನೇಲವ್ರೆ. ಮದ್ವೆ ಚಪ್ಪರದ ಕಂಬ ಸೊಟ್ಟಗದೆ ಅಂತ ನಟರಾಜುನ್ನ ಬಯ್ತಾವ್ರೆ."